ಹೊಸ ಔಷಧಿ ಬರಲಿ ಅಂತ ಮಾತ್ರೆ ಬಿಟ್ಟವನು

ರಾಜಾಜಿನಗರದ ಕಡೆಯ ಹುಡುಗ. ಮೂವತ್ತರ ಆಸುಪಾಸು, ಲೆಕ್ಕಪತ್ರದ ಕೆಲಸ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಖಿನ್ನತೆಗೆ ಮನೋವೈದ್ಯರು ಎಸ್ಸಿಟಾಲೊಪ್ರಾಮ್ ಬರೆದುಕೊಟ್ಟಿದ್ದರು. ಜೊತೆಗೆ ಬಂದಿದ್ದ ಅಕ್ಕ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಆರು ಖಾಲಿ. ಉಳಿದ ನಾಲ್ಕು ಹಾಗೇ ಇದ್ದವು.

"ಊಟ ಕಂಡ್ರೆ ವಾಕರಿಕೆ ಮೇಡಂ. ಮನಸ್ಸಿಗೆ ಅಂತ ಕೊಟ್ಟಿದ್ದು ಹೊಟ್ಟೆ ಕೆಡಿಸ್ತು ಅಂದ್ರೆ ತಪ್ಪು ಮಾತ್ರೆ ಅಂತ ತಾನೆ? ಒಂದೇ ರಿಸೆಪ್ಟರ್ ಮೇಲೆ ಕೆಲಸ ಮಾಡೋ ಹೊಸ ಔಷಧಿ ಬರ್ತಿದೆಯಂತೆ. ಅದು ಬಂದ್ಮೇಲೆ ತಗೋತೀನಿ."

ಸಾಯಬೇಕು ಅನ್ನೋ ಯೋಚನೆ ಬರುತ್ತಾ ಅಂತ ಮೊದಲು ನೇರವಾಗಿ ಕೇಳಿದೆ. ಇಲ್ಲ ಅಂದ. ಆಮೇಲೆ ಹೊಟ್ಟೆಯ ಮಾತಿಗೆ ಬಂದೆವು.

ಅವನ ಮಾತ್ರೆ ಕೆಲಸ ಮಾಡುವುದು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರಟೋನಿನ್ ಅನ್ನೋ ರಾಸಾಯನಿಕದ ಮೂಲಕ. ಮೈಯಲ್ಲಿರುವ ಸೆರಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಕರುಳಲ್ಲೇ. ಅದರ ಸಂದೇಶ ಹಿಡಿಯೋಕೆ ಕೋಶಗಳ ಮೇಲೆ 14 ಬಗೆಯ ರಿಸೆಪ್ಟರ್‌ಗಳಿವೆ. ಅವನ ಮಾತ್ರೆ ಯಾವ ರಿಸೆಪ್ಟರನ್ನೂ ನೇರವಾಗಿ ಮುಟ್ಟುವುದಿಲ್ಲ, ಸೆರಟೋನಿನ್ ನರಕೋಶದೊಳಗೆ ವಾಪಸ್ ಹೋಗುವುದನ್ನು ತಡೆಯುತ್ತದೆ ಅಷ್ಟೆ. ಆಗ ಎಲ್ಲ ಬಗೆಯ ರಿಸೆಪ್ಟರ್‌ಗಳಿಗೂ ಸೆರಟೋನಿನ್ ಜಾಸ್ತಿ ಸಿಗುತ್ತದೆ. ವಾಕರಿಕೆ ತರುವ 5-ಎಚ್‌ಟಿ3 ಕೂಡ ಅದರಲ್ಲಿ ಒಂದು (5-ಎಚ್‌ಟಿ ಅಂದರೆ ಸೆರಟೋನಿನ್ನೇ). ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ತಡೆಯುವುದು ಇದನ್ನೇ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ವಾಕರಿಕೆ ಇಳಿಯುತ್ತದೆ. ಮನಸ್ಸಿಗೆ ಗುಣ ಕಾಣೋಕೆ ಮಾತ್ರ ಎರಡರಿಂದ ಆರು ವಾರ ಬೇಕು. ಪಾಪ, ಅವನು ಕಷ್ಟದ ದಿನಗಳನ್ನಷ್ಟೇ ನೋಡಿ ಬಿಟ್ಟಿದ್ದ. ಇದನ್ನು ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಬಿಡುತ್ತಿರಲಿಲ್ಲವೇನೋ.

ಅವನ ಆಸೆ ಸುಳ್ಳಲ್ಲ, ಅದನ್ನೂ ಹೇಳಿದೆ. ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್ ಇದೇ ಸೆರಟೋನಿನ್ ಸಾಲಿನ 1ಬಿ, 1ಡಿ ರಿಸೆಪ್ಟರ್‌ಗಳನ್ನು ಗುರಿಯಿಟ್ಟದ್ದು. ಪಾರ್ಕಿನ್ಸನ್ ರೋಗಿಗಳ ಭ್ರಮೆಗೆ 2ಎ ಮೇಲೆ ಕೆಲಸ ಮಾಡುವ ಪಿಮಾವಾನ್ಸೆರಿನ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅವಸರ ಯಾಕೆ ಬೇಡ ಅನ್ನೋದಕ್ಕೆ ಫೆನ್‌ಫ್ಲುರಮೈನ್ ಸಾಕು. ತೂಕ ಇಳಿಸಲು ಕೊಡುತ್ತಿದ್ದ ಈ ಮಾತ್ರೆ ಹೃದಯದ ಕವಾಟ ಕೆಡಿಸುತ್ತಿದೆ ಅಂತ ಗೊತ್ತಾಗಿ, 1997ರಲ್ಲಿ ಮಾರಾಟ ನಿಂತಿತು. ಕವಾಟದಲ್ಲಿರುವ 2ಬಿ ರಿಸೆಪ್ಟರ್ ಕೆರಳಿದ್ದೇ ಕಾರಣ ಅಂತ ಆಮೇಲೆ ತಿಳಿಯಿತು. ಈಗ ಹೊಸ ಔಷಧಿ ಹುಡುಕುವವರು ಅದು 2ಬಿಯನ್ನು ಕೆರಳಿಸುತ್ತದಾ ಅಂತ ಮೊದಲೇ ನೋಡುತ್ತಾರೆ. ಇಂಥ ಪರೀಕ್ಷೆಗಳಿಗೆ ವರ್ಷಗಳೇ ಹಿಡಿಯುತ್ತವೆ. ಅಷ್ಟು ದಿನ ಖಿನ್ನತೆ ಸುಮ್ನೆ ಕೂತಿರಲ್ಲ.

"ಅಣಬೆ ತರಿಸ್ಕೊಳ್ಳೋ ವಿಷಯಾನೂ ಹೇಳೋ," ಅಂದರು ಅಕ್ಕ. ಅವನು ತಲೆ ತಗ್ಗಿಸಿದ. ಆ ಅಣಬೆಯಲ್ಲಿರುವ ಸೈಲೋಸೈಬಿನ್ ಕೂಡ 2ಎ ಮೇಲೇ ಕೆಲಸ ಮಾಡುತ್ತದೆ, ಖಿನ್ನತೆಗೆ ಅದರ ಪರೀಕ್ಷೆ ನಡೆದಿರುವುದೂ ನಿಜ. ಆದರೆ ಅಲ್ಲಿ ಡೋಸ್ ಅಳೆದು ಕೊಟ್ಟು, ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಬರುವ ಪೊಟ್ಟಣದಲ್ಲಿ ಏನಿದೆಯೋ ಯಾರು ಬಲ್ಲರು? ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದು ಅಪರಾಧ ಬೇರೆ. ಖಂಡಿತ ಬೇಡ ಅಂದೆ.

ನಾನು ಮಾತ್ರೆ ಬರೆಯುವವಳಲ್ಲ. ಆ ವಾರವೇ ವೈದ್ಯರ ಹತ್ತಿರ ವಾಪಸ್ ಹೋಗು, ಬಿಟ್ಟಿದ್ದನ್ನು ಮುಚ್ಚಿಡಬೇಡ, ಬೇರೆ ಏನೇನು ನುಂಗುತ್ತಿದ್ದೀಯೋ ಎಲ್ಲ ಹೇಳು ಅಂದೆ. ನೋವಿಗೆ ಕೊಡುವ ಟ್ರಮಡಾಲ್‌ನಂಥವು ಇದರ ಜೊತೆ ಸೇರಿದರೆ ಸೆರಟೋನಿನ್ ವಿಪರೀತವಾಗಬಹುದು. ಮುಂದೆ ನಿಲ್ಲಿಸಬೇಕಾದರೂ ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ರಾತ್ರಿ ತುಂಬ ಸಂಕಟವಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ.

ವೈದ್ಯರು ಡೋಸ್ ಅರ್ಧಕ್ಕೆ ಇಳಿಸಿ, ಊಟ ಆದ ಮೇಲೆ ತೆಗೆದುಕೊಳ್ಳಲು ಹೇಳಿದರು. ವಾಕರಿಕೆ ಕಡಿಮೆಯಾಗಿದೆ, ನಿದ್ದೆ ಇನ್ನೂ ಸರಿಹೋಗಿಲ್ಲ. ಈಗ ನಮ್ಮ ಮಾತುಕತೆ ನಡೆದಿರುವುದು ಅದರ ಮೇಲೆ.