ಕೈತೋಟ: ಕಾದ ಮಾಳಿಗೆಯ ಮೇಲಿನ ಕುಂಡಗಳು

ಪ್ರಶ್ನೆ: ಅಕ್ಕಾವರೇ, ನಮ್ಮ ಮಾಳಿಗೆಯ ಮೇಲೆ ಇಪ್ಪತ್ತು ಕುಂಡಗಳಿವೆ. ಬದನೆ, ಮೆಣಸಿನಕಾಯಿ, ಮಲ್ಲಿಗೆ, ಎರಡು ಡ್ರಮ್ಮುಗಳಲ್ಲಿ ನಿಂಬೆ. ಏಪ್ರಿಲ್ ಬಂತೆಂದರೆ ದಿನಕ್ಕೆ ಮೂರು ಸಲ ನೀರು ಹಾಕಿದರೂ ಮಧ್ಯಾಹ್ನ ಎಲ್ಲವೂ ತಲೆ ಬಾಗಿಸಿ ನಿಲ್ಲುತ್ತವೆ. ಹಸಿರು ಬಲೆ ಕಟ್ಟಿಸಬೇಕೆ? ಹೆಚ್ಚು ಖರ್ಚಿಲ್ಲದ, ಪರಿಸರಕ್ಕೂ ಹೊರೆಯಾಗದ ದಾರಿ ತಿಳಿಸಿ.
– ಗೃಹಿಣಿ, ರಾಯಚೂರು

ಉತ್ತರ: ಬಲೆಯ ಮಾತು ಆಮೇಲೆ. ಮೊದಲು ಮಧ್ಯಾಹ್ನ ಮೂರಕ್ಕೆ ಮಾಳಿಗೆ ಹತ್ತಿ, ಕುಂಡದ ಪಡುವಣ ಮಗ್ಗುಲಿಗೆ ಅಂಗೈ ಇಟ್ಟು ನೋಡಿ ತಾಯಿ. ಕೈ ಇಡಲಾಗದಿದ್ದರೆ ಒಳಗೆ ಬೇರು ಬೇಯುತ್ತಿದೆ ಎಂದೇ ಅರ್ಥ. ನೆಲದ ಗಿಡಕ್ಕೆ ಬಿಸಿಲು ಮೇಲಿನಿಂದ ಮಾತ್ರ. ಕುಂಡದ ಗಿಡಕ್ಕೆ ಮಗ್ಗುಲಿನಿಂದಲೂ, ಕೆಳಗಿನ ಕಾದ ಹಾಸುಗಲ್ಲಿನಿಂದಲೂ ಕಾವು. ಇನ್ನು ನೀವು ಹಾಕುವ ನೀರು ಕಪ್ಪು ಟ್ಯಾಂಕಿನದಾದರೆ, ಆ ಹೊತ್ತಿಗೆ ಅದು ಸ್ನಾನಕ್ಕೆ ಲಾಯಕ್ಕಾಗಿರುತ್ತದೆ, ಗಿಡಕ್ಕಲ್ಲ. ಬೆಳಗಿನ ಆರೂವರೆಯೊಳಗೆ ಒಮ್ಮೆ ಬುಡ ತುಂಬ ಹಾಕಿ. ಸಂಜೆ ಬೇಕೆನಿಸಿದರೆ, ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಹಿಡಿದು ನೆರಳಿನಲ್ಲಿಟ್ಟ ನೀರು ಹಾಕಿ.

ಕುಂಡಗಳನ್ನು ಒಂದಕ್ಕೊಂದು ತಾಗುವಂತೆ ಗುಂಪು ಮಾಡಿ, ಪ್ರತಿಯೊಂದರಡಿ ಎರಡೆರಡು ಇಟ್ಟಿಗೆ ಕೊಡಿ. ಹೊರಸಾಲಿನ ಕುಂಡಗಳಿಗೆ ಹಳೆಯ ಗೋಣಿತಟ್ಟು ಸುತ್ತಿ, ಹನ್ನೊಂದರ ಹೊತ್ತಿಗೆ ಒಂದು ಚೊಂಬು ನೀರು ಚಿಮುಕಿಸಿ. ರಂಜಣಿಗೆಯ ನೀರು ತಣ್ಣಗಾಗುವುದೂ ಹೀಗೆಯೇ: ಹೊರಮೈಯ ತೇವ ಆವಿಯಾಗುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ನಿಮ್ಮ ಊರಿನ ಒಣಗಾಳಿ ಇದೊಂದಕ್ಕೆ ಉಪಕಾರಿ.

ಮಣ್ಣಿನ ಮೇಲೆ ಕತ್ತರಿಸಿದ ಜೋಳದ ಕಣಿಕೆಯನ್ನೋ ಒಣ ತರಗನ್ನೋ ಮೂರು ಬೆರಳು ದಪ್ಪಕ್ಕೆ ಹಾಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ. ನಿಂಬೆಯ ಡ್ರಮ್ಮುಗಳಲ್ಲಿ ಎರಡು ಲೀಟರಿನ ಮಣ್ಣಿನ ಕುಡಿಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿ. ಸುತ್ತಲಿನ ಮಣ್ಣು ಒಣಗಿದಂತೆ ಕುಡಿಕೆ ತಾನಾಗಿ ಜಿನುಗುತ್ತದೆ. ಬಣ್ಣ ಬಳಿದ ಕುಡಿಕೆ ಬೇಡ, ಅದು ಜಿನುಗುವುದಿಲ್ಲ. ಬಾಯಿಗೆ ಮುಚ್ಚಳ ಮರೆತರೆ ಸೊಳ್ಳೆ ಸಾಕಿದಂತೆ. ಸವಳು ನೀರಾದರೆ ಕಾಲ ಕಳೆದಂತೆ ಕುಡಿಕೆಯ ಮೈಯಲ್ಲಿ ಬಿಳಿ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ. ಆಗ ಬದಲಾಯಿಸಿ.

ಈಗ ಬಲೆ. ಒಂದು ವರ್ಷ ನಾನು ‘ಹೆಚ್ಚು ನೆರಳು, ಹೆಚ್ಚು ತಂಪು’ ಎಂದುಕೊಂಡು ಶೇ. 90ರ ಬಲೆ ತಂದು ಗಿಡಗಳ ನೆತ್ತಿಗೇ ಬಿಗಿದೆ. ಬದನೆ ನನ್ನೆತ್ತರಕ್ಕೆ ಸೊರಗಿ ಬೆಳೆಯಿತು. ಹೂವೂ ಇಲ್ಲ, ಕಾಯಿಯೂ ಇಲ್ಲ, ಒಳಗೆ ಧಗೆ ಬೇರೆ. ಶೇ. 50ರದ್ದು ಧಾರಾಳ ಸಾಕು, ಗಿಡದ ತುದಿಗಿಂತ ಎರಡಡಿಯಾದರೂ ಮೇಲಿರಲಿ. ಬಲೆಯೂ ಪ್ಲಾಸ್ಟಿಕ್ಕೇ ತಾನೇ ಎನ್ನುವುದಾದರೆ, ಪಡುವಣ ದಿಕ್ಕಿಗೆ ತೊಗರಿಕಟ್ಟಿಗೆಯ ತಡಿಕೆ ಕಟ್ಟಿ ನಿಲ್ಲಿಸಿ. ನಾನೀಗ ಅದನ್ನೇ ಮಾಡುತ್ತೇನೆ. ಮಲ್ಲಿಗೆಯನ್ನು ನೆರಳಿಗೆ ಎಳೆಯಬೇಡಿ, ಅದಕ್ಕೆ ಈ ಬಿಸಿಲೇ ಹಬ್ಬ.

ಮಧ್ಯಾಹ್ನ ಬಾಗಿದ್ದು ಸಂಜೆ ತಲೆಯೆತ್ತಿದರೆ ಅದು ಬಾಯಾರಿಕೆಯಲ್ಲ, ಗಿಡ ತನ್ನ ನೀರು ಉಳಿಸಿಕೊಳ್ಳುವ ಬಗೆ. ಬೆಳಿಗ್ಗೆಯೂ ಬಾಗಿದ್ದರೆ ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ ನೋಡಿ. ಒದ್ದೆಯಿದ್ದೂ ಬಾಗಿದ್ದರೆ ಬೇರು ಕೊಳೆತಿರಬಹುದು, ಮೂರು ಸಲದ ನೀರಿನ ಫಲ.

ಪ್ರಶ್ನೆ: ಒದ್ದೆ ಗೋಣಿಯ ಉಪಾಯವನ್ನು ನೀವು ಹಿಂದೆಯೂ ಬರೆದಿದ್ದಿರಿ. ನಾನು ಮಾಡಿದೆ. ತಂಪಾಗಲಿಲ್ಲ, ಗೋಣಿಗೆ ಬೂಷ್ಟು ಬಂತು.
– ಓದುಗರು, ಕುಂದಾಪುರ

ಉತ್ತರ: ತಪ್ಪು ನನ್ನದು, ನಿಮ್ಮ ಕಡಲ ಗಾಳಿಯನ್ನು ಮರೆತು ಬರೆದೆ. ಬೆವರೇ ಆರದ ಊರಿನಲ್ಲಿ ಗೋಣಿ ಹೇಗೆ ಆರೀತು? ಗೋಣಿ ಬಿಚ್ಚಿ, ಕುಂಡಗಳ ನಡುವೆ ಗಾಳಿಯಾಡಲು ಒಂದು ಗೇಣು ಬಿಡಿ. ಮಡಲಿನ ಚಪ್ಪರ ಹಾಕಿ, ಬುಡಕ್ಕೆ ತೆಂಗಿನ ಸಿಪ್ಪೆಯನ್ನು ನಾರು ಕೆಳಗಾಗಿ ಕವುಚಿ ಹಾಸಿ.

ಪ್ರಶ್ನೆ: ಟೊಮೆಟೊ ಹೂ ಬಿಡುತ್ತದೆ, ಎಲ್ಲವೂ ಉದುರುತ್ತವೆ. ಯಾವ ಗೊಬ್ಬರ ಹಾಕಲಿ?
– ನಿವೃತ್ತ ನೌಕರ, ಬಳ್ಳಾರಿ

ಉತ್ತರ: ಯಾವುದೂ ಬೇಡ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ. ಗೊಬ್ಬರ ಅದನ್ನು ಸರಿಮಾಡದು; ಬಿಸಿಲಿನಲ್ಲಿ ಬೇರನ್ನು ಇನ್ನಷ್ಟು ಸುಟ್ಟೀತು. ಗಿಡ ಬದುಕಿರುವಷ್ಟು ನೆರಳು, ನೀರು ಕೊಡಿ. ಖಾಲಿ ಕುಂಡದಲ್ಲಿ ಬೆಂಡೆಯನ್ನೋ ಚವಳಿಕಾಯಿಯನ್ನೋ ಹಾಕಿ, ಸಾರಿಗೆ ಹುಣಸೆಹಣ್ಣು ಇದ್ದೇ ಇದೆ.