ಪಾರ್ಥಿವ ಶರೀರಕ್ಕೆ ಹೊದಿಸಿದ್ದ ಧ್ವಜ ಪುತ್ಥಳಿಗೂ ಬೇಕಂತೆ, ಏನು ಮಾಡಲಿ?

ಪ್ರಶ್ನೆ: ಯೋಧರಾಗಿದ್ದ ನನ್ನ ಪತಿ ಗಡಿಯಲ್ಲಿ ಹುತಾತ್ಮರಾಗಿ ಎರಡು ವರ್ಷ. ಊರಿನ ಯುವಕ ಸಂಘದವರು ಅವರ ಪುತ್ಥಳಿ ಮಾಡಿಸಿದ್ದಾರೆ. ಪಾರ್ಥಿವ ಶರೀರಕ್ಕೆ ಹೊದಿಸಿದ್ದ ತ್ರಿವರ್ಣ ಧ್ವಜವನ್ನೇ ಹೊದಿಸಿ ಅನಾವರಣ ಮಾಡಬೇಕೆನ್ನುತ್ತಾರೆ. ಅತ್ತೆ ಒಪ್ಪಿದ್ದಾರೆ, ನನಗೆ ಮನಸ್ಸಿಲ್ಲ. ಜತೆಗೆ, ನಾನು ದೀಪ ಹಚ್ಚಬಾರದು, ಹಿಂದೆ ಕೂತರೆ ಸಾಕು ಅಂತಲೂ ಹೇಳಿದ್ದಾರೆ. ಬೇಡವೆಂದರೆ ಉಪಕಾರ ಮರೆತವಳು ಅನ್ನುತ್ತಾರೇನೋ.

ಉತ್ತರ: ಧ್ವಜ ಕೊಡಬೇಡಿ ತಾಯಿ. ಇದು ನಿಮ್ಮ ಹಟವಲ್ಲ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರ ಪ್ರಕಾರ ಪುತ್ಥಳಿಗೆ ರಾಷ್ಟ್ರಧ್ವಜ ಹೊದಿಸುವುದು ಅಪರಾಧ. ಮೂರು ವರ್ಷದವರೆಗೆ ಸಜೆಯಾಗಬಹುದು. ‘ಅಂತ್ಯಕ್ರಿಯೆಯಲ್ಲಿ ಹೊದಿಸುತ್ತಾರಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ಆ ಅವಕಾಶ ಸರ್ಕಾರಿ, ಸೇನಾ ಮತ್ತು ಅರೆಸೇನಾ ಗೌರವದ ಅಂತ್ಯಕ್ರಿಯೆಗೆ ಮಾತ್ರ. ಹುಡುಗರು ಅಭಿಮಾನದಿಂದ ಹೊರಟಿದ್ದಾರೆ, ಅವರಿಗೆ ನಿಯಮ ಗೊತ್ತಿಲ್ಲ ಅಷ್ಟೆ. ಆದರೆ ಅತ್ತೆಗೆ ಮೊದಲು ನೀವೇ ಹೇಳಿ. ಸಂಘದವರ ಬಾಯಿಂದ ಅವರಿಗೆ ತಿಳಿದರೆ ಮನಸ್ಸು ಮುರಿಯುತ್ತದೆ.

ಪುತ್ಥಳಿಗೆ ಒಂದೇ ಬಣ್ಣದ ನುಣುಪಾದ ಬಟ್ಟೆ ಸಾಕು. ಬಿಗಿಯಾಗಿ ಸುತ್ತಿದರೆ ಟೋಪಿಯ ಅಂಚಿಗೋ ಭುಜಪಟ್ಟಿಗೋ ಸಿಕ್ಕಿಕೊಂಡು ಎಲ್ಲರೆದುರು ಜಗ್ಗಾಡಬೇಕಾಗುತ್ತದೆ. ಸಡಿಲವಾಗಿ ಇಳಿಬಿಟ್ಟು, ರಿಬ್ಬನ್ನನ್ನು ಜಾರುಗಂಟು ಹಾಕಿ, ಹಿಂದಿನ ದಿನವೇ ಎಳೆದು ನೋಡಲಿ. ಹಾರ ಅನಾವರಣದ ನಂತರವೇ.

ಧ್ವಜ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಇವತ್ತೇ ಹೊರತೆಗೆಯಿರಿ, ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಹೂವಿನ ಕಲೆಯಿದ್ದರೂ ಒಗೆಯಬೇಡಿ. ಕೇಸರಿ ಬಿಟ್ಟು ಬಿಳಿಗೆ ಹತ್ತಬಹುದು. ಅಡ್ಡಲಾಗಿ ಹರಡಿ, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಆಮೇಲೆ ಎರಡೂ ತುದಿಗಳನ್ನು ಅಡಿಗೆ ಮಡಚುತ್ತ ಬನ್ನಿ. ಕೊನೆಗೆ ಮೇಲೆ ಅಶೋಕಚಕ್ರ, ಅದರ ಅಂಚಿನಲ್ಲಿ ಕೇಸರಿ, ಹಸಿರು ಕಾಣಬೇಕು. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಹೇರದೆ ಇಡಿ. ನುಸಿಗುಳಿಗೆ ಧ್ವಜಕ್ಕೆ ತಾಗದಿರಲಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ನೂಲು ಅಲ್ಲೇ ಹರಿಯುತ್ತದೆ. ಪ್ರತಿ ವರ್ಷ ಬಿಚ್ಚಿ, ಗೆರೆಯನ್ನು ತುಸು ಸರಿಸಿ ಮಡಚಿ. ಆ ಕೆಲಸಕ್ಕೆ ಅತ್ತೆಯನ್ನೂ ಕೂರಿಸಿಕೊಳ್ಳಿ. ಮಗನ ಧ್ವಜ ಮುಟ್ಟಬೇಕೆನ್ನುವ ಆಸೆ ಅವರಿಗೂ ಇರುತ್ತದೆ.

ಇನ್ನು ದೀಪ. ಹಿಂದೆ ಕೂರಲು ಒಪ್ಪಬೇಡಿ. ಸೇನೆ ನಿಮ್ಮನ್ನು ವೀರನಾರಿ ಎನ್ನುತ್ತದೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸಂಜೆಯ ಹೊತ್ತು ಪುಷ್ಪನಮನ ಸಲ್ಲಿಸುವವರು ಹುತಾತ್ಮರ ಮನೆಯವರೇ, ಪತ್ನಿಯರೂ ಸೇರಿ. ನಿಮ್ಮ ಪತಿಯ ಹೆಸರಿನ ದೀಪವನ್ನು ಹಚ್ಚಲು ನಿಮಗಿಂತ ಹಕ್ಕುಳ್ಳವರು ಯಾರು? ನೀವೂ ಅತ್ತೆಯೂ ಒಟ್ಟಿಗೆ ರಿಬ್ಬನ್ ಎಳೆಯುತ್ತೀರಿ, ಒಟ್ಟಿಗೆ ದೀಪ ಹಚ್ಚುತ್ತೀರಿ ಎಂದು ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲೇ ಹೇಳಿ. ಅಚ್ಚಾದ ಮೇಲೆ ಯಾರೂ ಬದಲಿಸುವುದಿಲ್ಲ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಪತ್ರ ಬರೆದು ಅಧಿಕಾರಿಯನ್ನು ಕರೆಸಿ. ಅವರು ಬಂದರೆ ನಿಮ್ಮ ಕುರ್ಚಿ ಮುಂದಿನ ಸಾಲಿಗೆ ಬರುತ್ತದೆ.

ಹಾಗೆಯೇ ಫಲಕದ ಕರಡನ್ನು ತರಿಸಿಕೊಂಡು ಸೇವಾ ಸಂಖ್ಯೆ, ಹುದ್ದೆ, ರೆಜಿಮೆಂಟು, ದಿನಾಂಕವನ್ನು ಸೇನೆಯ ಪತ್ರದೊಂದಿಗೆ ತಾಳೆ ನೋಡಿ. ಕಲ್ಲಿನಲ್ಲಿ ಕೊರೆದ ಮೇಲೆ ತಿದ್ದಲಾಗದು.