ಟೂಸಾನ್‌ನಲ್ಲಿ ಮನೆ: ಮಣ್ಣಿನದೋ, ಸ್ಟಕೊದ್ದೋ?

ಮುಂದಿನ ಬೇಸಿಗೆಯೊಳಗೆ ಅರಿಜೋನಾದ ಟೂಸಾನ್‌ಗೆ ಬರುತ್ತೀರಿ. ಹಳೆಯ ಅಡೋಬಿ ಮಣ್ಣಿನ ಮನೆ ಒಳ್ಳೆಯದೋ, ಮರದ ಚೌಕಟ್ಟಿನ ಹೊಸ ಸ್ಟಕೊ (ಹೊರಗೆ ಗಾರೆ ಬಳಿದ) ಮನೆಯೋ, ಸೋಲಾರ್ ಹಾಕಿಸಿಬಿಟ್ಟರೆ ಚಿಂತೆ ಮುಗಿಯಿತೇ ಎಂದು ಕೇಳಿದ್ದೀರಿ. ಗೋಡೆ ಯಾವುದರದ್ದು ಎಂಬುದು ಆಮೇಲಿನ ಮಾತು. ಆ ಗೋಡೆಗೂ ಕಿಟಕಿಗೂ ನೇರ ಬಿಸಿಲು ಬೀಳುತ್ತದೆಯೇ ಎಂಬುದನ್ನು ಮೊದಲು ನೋಡಿ. ಸೋಲಾರ್ ಎಲ್ಲಕ್ಕಿಂತ ಕೊನೆಗೆ.

ಮಣ್ಣಿನ ಗೋಡೆಯೆಂದರೆ ತಂಪು ಎಂದು ಎಲ್ಲರೂ ನಂಬಿಕೊಂಡೇ ಬರುತ್ತಾರೆ. ಅದು ಅರ್ಧ ಮಾತ್ರ ನಿಜ. ಶಾಖ ತಡೆಯುವ ಶಕ್ತಿಯನ್ನು ಅಳೆಯುವ ಆರ್-ಲೆಕ್ಕದಲ್ಲಿ (ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು) 16 ಇಂಚಿನ ಅಡೋಬಿ ಗೋಡೆ ಆರ್-5 ಮುಟ್ಟುವುದೇ ಕಷ್ಟ; ಮಾಮೂಲಿ ಮರದ ಚೌಕಟ್ಟಿನ ಗೋಡೆಯಲ್ಲಿ ಆರ್-13 ತುಂಬಿರುತ್ತಾರೆ. ಮಣ್ಣು ಶಾಖವನ್ನು ತಡಮಾಡಿಸುತ್ತದೆ, ಅಷ್ಟೇ. ಸಂಜೆ ನಾಲ್ಕಕ್ಕೆ ಪಶ್ಚಿಮದ ಗೋಡೆ ಕುಡಿದ ಬಿಸಿ ರಾತ್ರಿ ಕಳೆಯುವಷ್ಟರಲ್ಲಿ ನಿಮ್ಮ ಮಲಗುವ ಕೋಣೆಗೆ ಇಳಿಯುತ್ತದೆ. ಹೊರಗೆ ರಾತ್ರಿ ತಂಪಾಗುವ ತಿಂಗಳುಗಳಲ್ಲಿ ಇದರಿಂದ ಲಾಭವೇ. ಜುಲೈನಲ್ಲಿ ಮಾತ್ರ ತೊಂದರೆ. ಆದ್ದರಿಂದ ಅಡೋಬಿ ಮನೆಯಾದರೆ ಪಶ್ಚಿಮಕ್ಕೆ ವರಾಂಡವೋ ಮೆಸ್ಕೀಟ್ ಮರವೋ ಇರಲೇಬೇಕು.

ಕೊಳ್ಳುವ ಮುಂಚೆ ಗೋಡೆಯ ಕೆಳಗಿನ ಒಂದೆರಡು ಅಡಿಯನ್ನು ಬೆರಳಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದರೆ, ಬಿಳಿ ಉಪ್ಪು ಕಂಡರೆ, ಯಾರೋ ಸಿಮೆಂಟ್ ಗಾರೆ ಬಳಿದಿದ್ದಾರೆ ಎಂದು ಅನುಮಾನಿಸಿ. ನೆಲದಿಂದ ಮೇಲೇರಿದ ತೇವ ಸಿಮೆಂಟ್ ದಾಟಿ ಆರಲಾರದೆ, ಒಳಗಿನ ಮಣ್ಣು ಪುಡಿಯಾಗುತ್ತದೆ. ಮೇಲೆ ಮತ್ತೆ ಸಿಮೆಂಟ್ ಬಳಿದರೆ ರೋಗ ಹೆಚ್ಚುತ್ತದೆ. ಅದನ್ನು ಕೆತ್ತಿ ತೆಗೆಸಿ, ಸುಣ್ಣದ ಅಥವಾ ಮಣ್ಣಿನ ಗಾರೆ ಹಾಕಿಸಬೇಕು. ಗೋಡೆಯ ಬುಡದಲ್ಲಿ ಹೂಗಿಡಗಳ ಡ್ರಿಪ್ ಪೈಪ್ ಇದ್ದರೆ ಮೊದಲು ಅದನ್ನು ಕಿತ್ತು ಹಾಕಿಸಿ.

ಕಿಟಕಿಗಳ ವಿಷಯ. ಇಲ್ಲಿ ಜೂನ್ ನಡುಹಗಲಿಗೆ ಸೂರ್ಯ 81 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರ್‌ನಲ್ಲಿ 34. ದಕ್ಷಿಣದ ನಾಲ್ಕಡಿ ಎತ್ತರದ ಕಿಟಕಿಗೆ ಸರಿಯಾಗಿ ಮೇಲಂಚಿನಲ್ಲಿ ಎರಡೂವರೆ ಅಡಿ ಸಜ್ಜಾ ಇದ್ದರೆ, ಬಿಸಿಲು ಇನ್ನೂ ಜೋರಾಗಿರುವ ಸೆಪ್ಟೆಂಬರ್ ಮೂರನೇ ವಾರದಲ್ಲೂ ನಡುಹಗಲಿಗೆ ಇಡೀ ಗಾಜು ನೆರಳಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಮೇಲಿನ ಒಂದೂ ಮುಕ್ಕಾಲು ಅಡಿ ಬಿಟ್ಟು ಉಳಿದದ್ದಕ್ಕೆಲ್ಲ ಬಿಸಿಲು ಬಂದು ಮನೆ ಬೆಚ್ಚಗಾಗುತ್ತದೆ. ಪೂರ್ವ, ಪಶ್ಚಿಮದಲ್ಲಿ ಸೂರ್ಯ ಅಡ್ಡಡ್ಡ ನುಗ್ಗುವುದರಿಂದ ಸಜ್ಜಾ ದಂಡ. ಅಲ್ಲಿ ಗಾಜಿನ ಹೊರಗಡೆ ಸೋಲಾರ್ ಸ್ಕ್ರೀನ್, ಅಂದರೆ ಬಿಸಿಲು ತಡೆಯುವ ಜಾಲರಿ, ಹಾಕಿಸಿ. ಒಳಗಿನ ಪರದೆ ಎಷ್ಟು ದಪ್ಪವಿದ್ದರೇನು, ಅಷ್ಟರಲ್ಲಿ ಶಾಖ ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ಇನ್ನು ಕೂಲಿಂಗ್. ಹಳೆಯ ಮನೆಗಳ ತಾರಸಿಯ ಮೇಲೆ ಸ್ವಾಂಪ್ ಕೂಲರ್ (ಒದ್ದೆ ಪ್ಯಾಡ್ ಮೂಲಕ ಗಾಳಿ ಊದಿ ತಂಪು ಮಾಡುವ ಯಂತ್ರ) ಕಾಣುತ್ತೀರಿ. ಜೂನ್‌ನಲ್ಲಿ ಹೊರಗೆ 40 ಡಿಗ್ರಿ, ತೇವಾಂಶ ಶೇ. 10 ಇರುವಾಗ ಅದು 22ರ ಆಸುಪಾಸಿನ ಗಾಳಿ ಕೊಡುತ್ತದೆ, ಎಸಿಗಿಂತ ತೀರಾ ಕಡಿಮೆ ಕರೆಂಟಿನಲ್ಲಿ. ಮಾನ್ಸೂನ್ ಶುರುವಾಗಿ 35 ಡಿಗ್ರಿಗೆ ತೇವಾಂಶ ಶೇ. 45 ಆಯಿತೆನ್ನಿ, ಅದೇ ಕೂಲರ್ 27ರ ಜಿಗುಟು ಗಾಳಿ ಊದುತ್ತದೆ. ಹಾಗಾಗಿ ಎಸಿ ಬೇಕೇ ಬೇಕು, ಆದರೆ ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಕೂಲರ್ ತುಂಬಿದ ತೇವವನ್ನು ಹಿಂಡುವುದರಲ್ಲೇ ಎಸಿ ಸುಸ್ತಾಗುತ್ತದೆ. ಕೂಲರ್ ಓಡುವಾಗ ಕಿಟಕಿ ಸ್ವಲ್ಪ ತೆರೆದಿರಲಿ, ಗಾಳಿಗೆ ಹೊರಹೋಗಲು ದಾರಿ ಬೇಕು. ಇಲ್ಲಿನ ಗಡಸು ನೀರಿಗೆ ಪ್ಯಾಡ್ ಬಿಳಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ಎಸಿ ಎಷ್ಟು ಟನ್ ಎಂದು ಕೇಳುವವರೇ ಎಲ್ಲ, ತಂಪು ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆ, ಅಂದರೆ ಡಕ್ಟ್, ಎಲ್ಲಿದೆ ಎಂದು ಕೇಳುವವರಿಲ್ಲ. ಡಕ್ಟ್ ಹಾದುಹೋಗುವ ಅಟಿಕ್‌ನಲ್ಲಿ (ಛಾವಣಿಯ ಕೆಳಗಿನ ಖಾಲಿ ಜಾಗದಲ್ಲಿ) ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ದಾಟುತ್ತದೆ. ಕೆಲವು ಮನೆಗಳಲ್ಲಿ ಡಕ್ಟ್ ನೇರ ತಾರಸಿಯ ಮೇಲೆ, ಬಿಸಿಲಿನಲ್ಲೇ ಹಾದಿರುತ್ತದೆ. ಜೋಡಣೆಗಳು ಬಿಟ್ಟುಕೊಂಡಿದ್ದರೆ ಐದರಲ್ಲೊಂದು ಪಾಲು ತಂಪು ದಾರಿಯಲ್ಲೇ ಸೋರಿಹೋಗುವುದು ಸಾಮಾನ್ಯ. ಡಕ್ಟ್ ಲೀಕೇಜ್ ಟೆಸ್ಟ್ ಮಾಡಿಸಿ, ಸಂದುಗಳಿಗೆ ಮ್ಯಾಸ್ಟಿಕ್ ಎಂಬ ಅಂಟು ಲೇಪ ಬಳಿಸಿ. ಬಟ್ಟೆಯ ಡಕ್ಟ್ ಟೇಪ್ ಈ ಬಿಸಿಗೆ ಒಣಗಿ ಕಳಚುತ್ತದೆ. ಆಮೇಲೆ ಅಟಿಕ್‌ಗೆ ಆರ್-49 ಇನ್ಸುಲೇಶನ್, ಚಪ್ಪಟೆ ತಾರಸಿಯಾದರೆ ಬಿಳಿ ಎಲಾಸ್ಟೊಮೆರಿಕ್ (ರಬ್ಬರಿನಂಥ) ಕೋಟಿಂಗ್. ಮಾನ್ಸೂನ್‌ಗೆ ಮುಂಚೆ ನೀರು ಹೋಗುವ ತೂಬು, ಪ್ಯಾರಪೆಟ್ ಮೂಲೆಗಳನ್ನು ಪರೀಕ್ಷಿಸಿ, ಸೋರುವುದು ಅಲ್ಲಿಂದಲೇ.

ಇಷ್ಟಾದ ಮೇಲೆ ಸೋಲಾರ್. ಮನೆಯ ಬೇಡಿಕೆ ಇಳಿದ ಮೇಲೆ ಕಡಿಮೆ ಪ್ಯಾನೆಲ್ ಸಾಕಾಗುತ್ತದೆ. ಗ್ರಿಡ್‌ಗೆ ಮಾರಿದ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಸ್ವಂತ ಮನೆಯ ಸೋಲಾರ್‌ಗಿದ್ದ ಫೆಡರಲ್ ತೆರಿಗೆ ವಿನಾಯಿತಿ 2025ರ ಡಿಸೆಂಬರ್ ಕೊನೆಗೆ ಮುಗಿಯಿತು. ಮಾರಾಟದವರು ಅದನ್ನೂ ಸೇರಿಸಿ ಹಳೆಯ ಲೆಕ್ಕ ತೋರಿಸಿದರೆ ನಂಬಬೇಡಿ.

ಮರ ನೆಡುವುದಾದರೆ ತಾರಸಿಯ ನೀರನ್ನೇ ತಿರುಗಿಸಿ: 1500 ಚದರಡಿಯ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 3000 ಲೀಟರ್ ಕೈಗೆ ಬರುತ್ತದೆ. ಗುಂಡಿ ಗೋಡೆಯಿಂದ ಹತ್ತಡಿ ದೂರವಿರಲಿ. ತೋಡಿದ ಮೇಲೆ ನೀರು ತುಂಬಿಸಿ ನೋಡಿ. ಒಂದು ದಿನದಲ್ಲಿ ಇಂಗದಿದ್ದರೆ ಕೆಳಗೆ ಕಲೀಚೆ ಎಂಬ ಸುಣ್ಣದ ಗಟ್ಟಿ ಪದರ ಇದೆ ಎಂದರ್ಥ. ಅದನ್ನು ಹಾರೆಯಿಂದ ಒಡೆಯದೆ ಗಿಡ ಇಡಬೇಡಿ, ಬೇರು ಕೊಳೆಯುತ್ತದೆ.

ಮಾರುವವರಿಂದ ಹೋದ ವರ್ಷದ ಜೂನ್, ಜುಲೈ, ಆಗಸ್ಟ್ ಕರೆಂಟ್ ಬಿಲ್ ತರಿಸಿಕೊಳ್ಳಿ, ಮನೆಯನ್ನು ಸಂಜೆ ಐದಕ್ಕೆ ಹೋಗಿ ನೋಡಿ. ಬ್ರೋಕರ್ ಬೆಳಿಗ್ಗೆ ಒಂಬತ್ತಕ್ಕೇ ಕರೆಯುತ್ತಾರೆ.